ಹೃದಯ ವೈಫಲ್ಯದ ರೋಗಿಗಳ ದೂರ ನಿಗಾ: ಫೋನ್ ಕರೆ, ತೂಕದ ಯಂತ್ರ, ಒಳಗಿನ ಸಂವೇದಕ – ಯಾವುದನ್ನು ವಿಸ್ತರಿಸಬೇಕು?

ಒಂದು ಆಸ್ಪತ್ರೆಯಲ್ಲಿ ನೂರು ರೋಗಿಗಳೊಂದಿಗೆ ಚೆನ್ನಾಗಿ ನಡೆದ ದೂರ ನಿಗಾ ಕಾರ್ಯಕ್ರಮವನ್ನು, ಅಂದರೆ ಮನೆಯಲ್ಲಿರುವ ರೋಗಿಯ ಸ್ಥಿತಿಯನ್ನು ಆಸ್ಪತ್ರೆಯಿಂದಲೇ ಗಮನಿಸುವ ವ್ಯವಸ್ಥೆಯನ್ನು, ಹತ್ತು ಆಸ್ಪತ್ರೆಗಳಿಗೆ ಹಬ್ಬಿಸುವ ಹೊತ್ತು ಬಂದಾಗ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಯಾವ ಸಾಧನ ಕೊಳ್ಳೋಣ?’ ಎಂಬುದು. ಹೃದಯ ವೈಫಲ್ಯದ ರೋಗಿಗಳ ನಡುವೆಯೇ ವೃತ್ತಿಯ ಬಹುಭಾಗ ಕಳೆದ ನನಗೆ ಅದು ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದವು ಎರಡಿವೆ. ಮನೆಯಿಂದ ಬಂದ ಸಂಖ್ಯೆಯನ್ನು ನೋಡಿ ಅದೇ ದಿನ ಮಾತ್ರೆಯ ಪ್ರಮಾಣ ಬದಲಿಸುವ ಅಧಿಕಾರ ಯಾರಿಗಿದೆ? ಮತ್ತು ಆ ಸಂಖ್ಯೆ ಯಾವ ರೋಗಿಯದು?

ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿಗೆ ಬಿಡುಗಡೆಯ ದಿನ ತೂಕದ ಯಂತ್ರ ಕೊಟ್ಟು ಕಳುಹಿಸಿದ್ದೆವು. ಆಕೆ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಗುರುವಾರ 61.2 ಕೆ.ಜಿ., ಶುಕ್ರವಾರ 62, ಶನಿವಾರ 62.9, ಭಾನುವಾರ 63.8. ನಾಲ್ಕೂ ಸಂಖ್ಯೆಗಳು ನಮ್ಮ ಪರದೆಗೆ ಬಂದಿದ್ದವು, ಕೊನೆಯ ಎರಡು ಕೆಂಪು ಬಣ್ಣದಲ್ಲಿದ್ದವು. ಸೋಮವಾರ ಬೆಳಿಗ್ಗೆ ನರ್ಸ್ ಪರದೆ ತೆರೆಯುವ ಹೊತ್ತಿಗೆ ಆಕೆ ತುರ್ತು ಚಿಕಿತ್ಸಾ ಘಟಕದಲ್ಲಿ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಕುಳಿತಿದ್ದರು. ಯಂತ್ರ ತನ್ನ ಕೆಲಸ ಮಾಡಿತ್ತು, ರೋಗಿ ತಮ್ಮ ಕೆಲಸ ಮಾಡಿದ್ದರು. ತಪ್ಪಿದ್ದು ನಾವು. ಅಂದಿನಿಂದ ಯಾವ ಕಾರ್ಯಕ್ರಮದ ಪ್ರಸ್ತಾಪ ಬಂದರೂ ನಾನು ನೋಡುವುದು ಪರದೆಯ ಈಚೆ ಬದಿ ಯಾರಿದ್ದಾರೆ ಎಂಬುದನ್ನು.

ದುರ್ಬಲಗೊಂಡ ಹೃದಯ ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಹೋದಾಗ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಇದು ರೋಗಿ ಆಸ್ಪತ್ರೆಗೆ ಬರುವುದಕ್ಕೆ ಎಷ್ಟೋ ದಿನ, ಕೆಲವೊಮ್ಮೆ ವಾರಗಳ ಮೊದಲೇ ಆರಂಭವಾಗಿರುತ್ತದೆ. ಆಮೇಲೆ ನೀರು ತುಂಬಿ ತೂಕ ಏರುತ್ತದೆ, ಕಾಲು ಬಾತುಕೊಳ್ಳುತ್ತದೆ, ಕೊನೆಗೆ ಮಲಗಿದರೆ ಉಸಿರು ಕಟ್ಟುತ್ತದೆ. ಬೇರೆ ಬೇರೆ ನಿಗಾ ವಿಧಾನಗಳು ಈ ಸರಪಳಿಯ ಬೇರೆ ಬೇರೆ ಕೊಂಡಿಯನ್ನು ಹಿಡಿಯುತ್ತವೆ. ಮೂರು ದಿನಗಳಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚು ಏರಿದರೆ ಎಚ್ಚರ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ತೂಕ ಹೇಳಿಕೊಳ್ಳುವಷ್ಟು ಏರದೆಯೇ ಉಸಿರಾಟಕ್ಕೆ ಕಷ್ಟಪಟ್ಟು ದಾಖಲಾಗುವವರೂ ಬಹಳ ಮಂದಿ ಇದ್ದಾರೆ. ಊಟ ಸೇರದೆ ಮೈ ಇಳಿಯುತ್ತಿರುವ ರೋಗಿಯಲ್ಲಂತೂ ನೀರು ಏರಿದ್ದನ್ನು ಮಾಂಸ ಇಳಿದದ್ದು ಮರೆಮಾಚುತ್ತದೆ.

ನರ್ಸ್ ಮಾಡುವ ಫೋನ್ ಕರೆ

ಎಲ್ಲಕ್ಕಿಂತ ಅಗ್ಗದ್ದು ಇದು, ಸಭೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಗೌರವ ಸಿಗುವುದೂ ಇದಕ್ಕೇ. ಆದರೆ ಅರ್ಜೆಂಟೀನಾದ ‘ಡಯಲ್’ ಅಧ್ಯಯನವನ್ನು ಒಮ್ಮೆ ನೋಡಬೇಕು. 51 ಕೇಂದ್ರಗಳ 1,518 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಒಂದೇ ಕೇಂದ್ರದಿಂದ ತರಬೇತಿ ಪಡೆದ ನರ್ಸ್‌ಗಳು ಕರೆ ಮಾಡುತ್ತಿದ್ದರು. ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ರೋಗಿಯ ಸ್ಥಿತಿ ನೋಡಿಕೊಂಡು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಪ್ರಮಾಣ ಕರೆ ಪಡೆದವರಲ್ಲಿ ಶೇ 26.3, ಉಳಿದವರಲ್ಲಿ ಶೇ 31. ಸಾವಿನ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಬರಲಿಲ್ಲ. ಲಾಭವೆಲ್ಲ ಆಸ್ಪತ್ರೆ ವಾಸ ತಪ್ಪಿದ್ದರಲ್ಲಿತ್ತು. ಗಮನಿಸಬೇಕಾದ ಒಂದು ಸಂಗತಿ ಏನೆಂದರೆ, ನೀರು ತೆಗೆಯುವ ಮಾತ್ರೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಅನುಮತಿ ಆ ನರ್ಸ್‌ಗಳಿಗೆ ಇತ್ತು.

ಇನ್ನೂ ಮುಖ್ಯವಾದದ್ದು ಆಮೇಲೆ ತಿಳಿಯಿತು. ಕರೆಗಳನ್ನು ನಿಲ್ಲಿಸಿ ಮೂರು ವರ್ಷ ಕಳೆದ ಮೇಲೂ ಆ ರೋಗಿಗಳಲ್ಲಿ ಲಾಭ ಉಳಿದಿತ್ತು. ತೂಕ ನೋಡಿಕೊಳ್ಳುವುದು, ಮಾತ್ರೆ ಬಿಡದಿರುವುದು, ಉಪ್ಪು ಕಡಿಮೆ ಮಾಡುವುದು ಅವರ ಅಭ್ಯಾಸವೇ ಆಗಿಹೋಗಿತ್ತು. ಒಳ್ಳೆಯ ನರ್ಸ್ ‘ಹೇಗಿದ್ದೀರಿ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ‘ನಿನ್ನೆ ರಾತ್ರಿ ಎಷ್ಟು ದಿಂಬು ಹಾಕಿಕೊಂಡಿರಿ ಅಮ್ಮಾ? ಚಪ್ಪಲಿ ಬಿಗಿಯಾಗುತ್ತಿದೆಯೇ? ಹಬ್ಬಕ್ಕೆ ಹಪ್ಪಳ ಸಂಡಿಗೆ ಎಷ್ಟು ತಿಂದಿರಿ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಬರುವ ಉತ್ತರ ಯಾವ ಸಂವೇದಕದಿಂದಲೂ ಸಿಗುವುದಿಲ್ಲ.

ಕೊರತೆ ಇಲ್ಲದಿಲ್ಲ. ಎರಡು ಕರೆಗಳ ನಡುವಿನ ದಿನಗಳಲ್ಲಿ ಏನಾಯಿತೆಂಬುದು ಗೊತ್ತಾಗುವುದಿಲ್ಲ, ನರ್ಸ್ ಬದಲಾದರೆ ಗುಣಮಟ್ಟವೂ ಬದಲಾಗುತ್ತದೆ. ಖರ್ಚು ಉಳಿಸಲೆಂದು ನರ್ಸ್ ಜಾಗದಲ್ಲಿ ಧ್ವನಿಮುದ್ರಿತ ಪ್ರಶ್ನೆಗಳನ್ನು ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಅಮೆರಿಕದ ‘ಟೆಲಿ-ಎಚ್‌ಎಫ್’ ಅಧ್ಯಯನದಲ್ಲಿ 1,653 ರೋಗಿಗಳಿದ್ದರು. ನಿಗಾ ಗುಂಪಿನವರು ದಿನವೂ ಫೋನ್ ಮಾಡಿ ಸ್ವಯಂಚಾಲಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ಉತ್ತರಿಸಬೇಕಿತ್ತು. ಆರು ತಿಂಗಳಲ್ಲಿ ಮರುದಾಖಲಾತಿ ಅಥವಾ ಸಾವು ಈ ಗುಂಪಿನಲ್ಲಿ ಶೇ 52.3, ಇನ್ನೊಂದರಲ್ಲಿ ಶೇ 51.5. ಲಾಭ ಶೂನ್ಯ. ಶೇ 14ರಷ್ಟು ರೋಗಿಗಳು ಆ ವ್ಯವಸ್ಥೆಯನ್ನು ಒಮ್ಮೆಯೂ ಬಳಸಲಿಲ್ಲ. 2010ರ ಈ ಫಲಿತಾಂಶ ಬಂದ ಮೇಲೂ ಧ್ವನಿಮುದ್ರಿತ ಕರೆಗಳನ್ನು ‘ದೂರ ನಿಗಾ’ ಎಂದು ಮಾರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮನೆಯಲ್ಲಿಡುವ ಸಾಧನಗಳು

ತೂಕದ ಯಂತ್ರ, ಬಿಪಿ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಕೆಲವೆಡೆ ಇಸಿಜಿ ಮತ್ತು ಇವನ್ನೆಲ್ಲ ಕಳುಹಿಸುವ ಮೊಬೈಲ್ ಅಥವಾ ಟ್ಯಾಬ್ಲೆಟ್: ಹೆಚ್ಚಿನ ಆಸ್ಪತ್ರೆ ಜಾಲಗಳು ವಿಸ್ತರಿಸಲು ಹೊರಡುವುದು ಇದನ್ನೇ. ಒಂದೇ ಬಗೆಯ ಸಾಧನ ಎರಡು ದೇಶಗಳಲ್ಲಿ ಎರಡು ಬಗೆಯ ಫಲ ಕೊಟ್ಟದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕ್ಯಾಲಿಫೋರ್ನಿಯಾದ ಆರು ವೈದ್ಯಕೀಯ ಕೇಂದ್ರಗಳಲ್ಲಿ ನಡೆದ ‘ಬೀಟ್-ಎಚ್‌ಎಫ್’ನಲ್ಲಿ 1,437 ರೋಗಿಗಳಿದ್ದರು. ಬಿಡುಗಡೆಗೆ ಮುನ್ನ ತಿಳಿವಳಿಕೆ, ಮನೆಯಲ್ಲಿ ತೂಕ, ಬಿಪಿ, ನಾಡಿ, ರೋಗಲಕ್ಷಣಗಳ ಮೇಲೆ ನಿಗಾ, ನರ್ಸ್‌ಗಳ ಕರೆ, ಎಲ್ಲವೂ ಇದ್ದವು. 2016ರಲ್ಲಿ ಬಂದ ಫಲಿತಾಂಶ: 180 ದಿನಗಳಲ್ಲಿ ಮರುದಾಖಲಾತಿ ನಿಗಾ ಗುಂಪಿನಲ್ಲಿ ಶೇ 50.8, ಇನ್ನೊಂದರಲ್ಲಿ ಶೇ 49.2. ಜೀವನದ ಗುಣಮಟ್ಟ ಸ್ವಲ್ಪ ಸುಧಾರಿಸಿತು, ಅಷ್ಟೇ. ಕರೆ ಕೇಂದ್ರದ ನರ್ಸ್ ಅಪಾಯ ಕಂಡರೂ ಚಿಕಿತ್ಸೆ ಬದಲಿಸಬೇಕಾದವರು ಬೇರೆಡೆ ಇದ್ದ ರೋಗಿಯ ಸ್ವಂತ ವೈದ್ಯರು.

ಇದರ ಪಕ್ಕದಲ್ಲಿ ಜರ್ಮನಿಯ ‘ಟಿಮ್-ಎಚ್‌ಎಫ್2’ ಇಟ್ಟು ನೋಡಿ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಕೇಂದ್ರದಲ್ಲಿ ವೈದ್ಯರು ಮತ್ತು ನರ್ಸ್‌ಗಳು ದಿನದ 24 ಗಂಟೆ, ವಾರದ ಏಳು ದಿನ ಕುಳಿತಿರುತ್ತಿದ್ದರು. ತೂಕ, ಬಿಪಿ, ಇಸಿಜಿ, ಆಮ್ಲಜನಕದ ಮಟ್ಟ ಮತ್ತು ‘ಇಂದು ನಿಮಗೆ ಹೇಗನಿಸುತ್ತಿದೆ’ ಎಂಬ ಪ್ರಶ್ನೆಯ ಉತ್ತರ ಪ್ರತಿದಿನ ಬರುತ್ತಿದ್ದವು, ರಕ್ತ ಪರೀಕ್ಷೆಯ ಸೂಚಕವೊಂದನ್ನೂ ಸೇರಿಸಿ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುತ್ತಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 1,538 ರೋಗಿಗಳ ಲೆಕ್ಕವಿದೆ. ಅನಿರೀಕ್ಷಿತ ಆಸ್ಪತ್ರೆ ವಾಸ ಅಥವಾ ಸಾವಿನಿಂದ ವರ್ಷಕ್ಕೆ ಕಳೆದುಹೋದ ದಿನಗಳು 24.2ರಿಂದ 17.8ಕ್ಕೆ ಇಳಿದವು. ಸಾವಿನ ದರ ನೂರು ರೋಗಿ-ವರ್ಷಗಳಿಗೆ (ಅಂದರೆ ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದ ಲೆಕ್ಕದಲ್ಲಿ) 11.34ರ ಬದಲು 7.86. ತೂಕದ ಯಂತ್ರ ಅಲ್ಲೂ ತೂಕದ ಯಂತ್ರವೇ. ವ್ಯತ್ಯಾಸವಿದ್ದದ್ದು ಮುಖ್ಯವಾಗಿ ಈಚೆ ಬದಿಯಲ್ಲಿ ಎಂದು ನಾನು ನಂಬುತ್ತೇನೆ. ಇದೇ ತಂಡದ ಮೊದಲ ಅಧ್ಯಯನ 2011ರಲ್ಲಿ ಲಾಭ ತೋರಿಸಿರಲಿಲ್ಲ. ಆಮೇಲೆ ಅವರು ರೋಗಿಗಳ ಆಯ್ಕೆಯನ್ನೇ ಬದಲಿಸಿಕೊಂಡರು: ಹಿಂದಿನ ಒಂದು ವರ್ಷದಲ್ಲಿ ಹೃದಯ ವೈಫಲ್ಯದಿಂದ ದಾಖಲಾಗಿದ್ದವರು, ತೀವ್ರ ಖಿನ್ನತೆ ಇಲ್ಲದವರು ಮಾತ್ರ. ನಾನು ಮೊದಲಿಗೆ ಹೇಳಿದ ಎರಡನೆಯ ಪ್ರಶ್ನೆಯ ಬೆಲೆ ಇಷ್ಟು.

ಖಿನ್ನತೆಯ ವಿಷಯ ಮೇಲ್ನೋಟಕ್ಕೆ ಕಠೋರವಾಗಿ ಕಾಣಬಹುದು. ಅವರನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಎದ್ದು ಯಂತ್ರದ ಮೇಲೆ ನಿಲ್ಲುವ ಮನಸ್ಸೇ ಬಾರದವರಿಗೆ ಯಂತ್ರ ಕೊಟ್ಟು ನಾವು ಕೈತೊಳೆದುಕೊಳ್ಳಬಾರದು. ಅವರಿಗೆ ಬೇಕಾದದ್ದು ಮನುಷ್ಯರ ಧ್ವನಿ, ಮನೆ ಭೇಟಿ, ಮನಸ್ಸಿನ ಚಿಕಿತ್ಸೆ.

ಸಾಧನಗಳ ಇನ್ನೊಂದು ಮಿತಿಯನ್ನು ಜರ್ಮನಿಯವರೇ ತೋರಿಸಿಕೊಟ್ಟರು. ಒಂದು ವರ್ಷದ ನಿಗಾ ನಿಲ್ಲಿಸಿದ ಮೇಲೆ ಮುಂದಿನ ವರ್ಷದಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಉಳಿಯಲಿಲ್ಲ. ಅರ್ಜೆಂಟೀನಾದ ಕರೆಗಳು ಬಿಟ್ಟುಹೋದದ್ದನ್ನು ಇವು ಬಿಟ್ಟುಹೋಗಲಿಲ್ಲ. ಆದ್ದರಿಂದ ಯಂತ್ರ ಕೊಡುವವರು ಜೊತೆಯಲ್ಲಿ ಕಲಿಸದಿದ್ದರೆ ಯಂತ್ರವನ್ನು ಹಿಂದಕ್ಕೆ ಪಡೆಯುವ ದಿನ ರೋಗಿ ಮೊದಲಿದ್ದಲ್ಲಿಗೇ ಮರಳುತ್ತಾರೆ.

ಆಕ್ಸಿಮೀಟರ್ ಬಗ್ಗೆ ಒಂದು ಮಾತು, ನಮ್ಮ ಜನರಿಗೆ ವಿಶೇಷವಾಗಿ. ಗಾಢ ಮೈಬಣ್ಣದವರಲ್ಲಿ ಅದು ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಾಧ್ಯತೆ ಇದೆ. 94 ಎಂದು ತೋರಿಸಿದೆ, ಪರವಾಗಿಲ್ಲ ಎಂದು ಏದುಸಿರು ಬಿಡುತ್ತಿರುವವರನ್ನು ಮನೆಯಲ್ಲಿ ಕೂರಿಸಬೇಡಿ.

ಶ್ವಾಸಕೋಶದ ಅಪಧಮನಿಯಲ್ಲಿಡುವ ಸಂವೇದಕ

ಕಾರ್ಡಿಯೊಮೆಮ್ಸ್ ಎಂಬ ಸಾಧನ ಪೇಪರ್ ಕ್ಲಿಪ್‌ನಷ್ಟು ಚಿಕ್ಕದು. ಅದರಲ್ಲಿ ಬ್ಯಾಟರಿ ಇಲ್ಲ. ಕ್ಯಾಥೆಟರ್ ಎಂಬ ತೆಳು ನಳಿಕೆಯ ಮೂಲಕ ಶ್ವಾಸಕೋಶದ ಅಪಧಮನಿಯಲ್ಲಿ ಕೂರಿಸಿದ ಮೇಲೆ ರೋಗಿ ದಿನವೂ ವಿಶೇಷ ದಿಂಬಿನ ಮೇಲೆ ಮಲಗಿ ಒತ್ತಡದ ಅಳತೆ ಕಳುಹಿಸುತ್ತಾರೆ. ಸರಪಳಿಯ ಮೊದಲ ಕೊಂಡಿಯನ್ನೇ ಹಿಡಿಯುವುದು ಇದರ ಹೆಗ್ಗಳಿಕೆ. ಅಮೆರಿಕದ ‘ಚಾಂಪಿಯನ್’ ಅಧ್ಯಯನದಲ್ಲಿ 550 ರೋಗಿಗಳಲ್ಲಿ ಸರಾಸರಿ 15 ತಿಂಗಳಲ್ಲಿ ಹೃದಯ ವೈಫಲ್ಯದ ದಾಖಲಾತಿ ಶೇ 37 ಇಳಿಯಿತು, 2014ರಲ್ಲಿ ಅಲ್ಲಿ ಅನುಮತಿ ದೊರೆಯಿತು. ನೆದರ್ಲೆಂಡ್ಸ್‌ನ 25 ಕೇಂದ್ರಗಳಲ್ಲಿ 348 ರೋಗಿಗಳೊಂದಿಗೆ ನಡೆದ ‘ಮಾನಿಟರ್-ಎಚ್‌ಎಫ್’ 2023ರಲ್ಲಿ ದಾಖಲಾತಿ ಶೇ 44 ಇಳಿದದ್ದನ್ನೂ ಜೀವನದ ಗುಣಮಟ್ಟ ಸುಧಾರಿಸಿದ್ದನ್ನೂ ತೋರಿಸಿತು. ಇವುಗಳ ನಡುವೆ 2021ರಲ್ಲಿ ಬಂದ ‘ಗೈಡ್-ಎಚ್‌ಎಫ್’ ಸಾವಿರ ರೋಗಿಗಳ ಒಟ್ಟು ಲೆಕ್ಕದಲ್ಲಿ ಸ್ಪಷ್ಟ ಲಾಭ ತೋರಿಸಲಿಲ್ಲ. ಅದರಲ್ಲಿ ಕಡಿಮೆ ತೀವ್ರತೆಯ ರೋಗಿಗಳೂ ಸೇರಿದ್ದರು, ಕೋವಿಡ್ ನಡುವೆ ಬಂದಿತ್ತು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2025ರ ಜನವರಿಯಲ್ಲಿ ಇದಕ್ಕೆ ಹಣ ಕೊಡಲು ಒಪ್ಪಿತು, ಆದರೆ ಸಾಕ್ಷ್ಯ ಕಲೆಹಾಕುವ ಅಧ್ಯಯನದ ಷರತ್ತಿನೊಂದಿಗೆ.

ಸಾಧನದ ಬೆಲೆಯೇ ಅಲ್ಲಿ ಹದಿನೈದು ಸಾವಿರ ಡಾಲರ್ ಮೀರುತ್ತದೆ. ಮಾತ್ರೆ ಹೊಂದಿಸಿಯೂ ಮತ್ತೆ ಮತ್ತೆ ದಾಖಲಾಗುವ, ಸ್ವಲ್ಪ ನಡೆದರೂ ದಣಿಯುವ, ತೂಕ ನೋಡಿ ಏನೂ ತಿಳಿಯದ ಕೆಲವರಿಗೆ ಇದು ನಿಜಕ್ಕೂ ಉಪಕಾರಿ. ಎಲ್ಲರಿಗೂ ಹಂಚುವ ಕಾರ್ಯಕ್ರಮವಾಗಿ ಅಲ್ಲ.

ಐಸಿಡಿ (ಅಪಾಯಕಾರಿ ಹೃದಯ ಬಡಿತವನ್ನು ಸರಿಪಡಿಸುವ ಸಾಧನ) ಅಥವಾ ಸಿಆರ್‌ಟಿ (ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಸಾಧನ) ಈಗಾಗಲೇ ಎದೆಯಲ್ಲಿರುವವರಿಗೆ ಅದರ ಮಾಹಿತಿಯನ್ನೇ ದೂರದಿಂದ ಓದಬಹುದು. ರೋಗಿ ಏನೂ ಮಾಡಬೇಕಿಲ್ಲ. 664 ರೋಗಿಗಳ ‘ಇನ್-ಟೈಮ್’ನಲ್ಲಿ ದಿನವೂ ಮಾಹಿತಿ ಬಂದು ಕೇಂದ್ರವೊಂದು ಅದನ್ನು ನೋಡುತ್ತಿತ್ತು. ಒಂದು ವರ್ಷದಲ್ಲಿ ಸಾವು 27ರ ಬದಲು 10. ಇಂಗ್ಲೆಂಡಿನ ‘ರೆಮ್-ಎಚ್‌ಎಫ್’ನಲ್ಲಿ ವಾರಕ್ಕೊಮ್ಮೆ ನೋಡಿದರು, 1,650 ರೋಗಿಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈಚೆ ಬದಿಯಲ್ಲಿ ಯಾರು ಕೂರಬೇಕು

ವಿಸ್ತರಣೆಯ ನಿಜವಾದ ಆಯ್ಕೆ ಇದು. ಪ್ರತಿ ಆಸ್ಪತ್ರೆ ತನ್ನದೇ ತಂಡ ಕಟ್ಟಿಕೊಂಡರೆ ರೋಗಿಯ ಪರಿಚಯ ಇರುತ್ತದೆ, ಆದರೆ ರಾತ್ರಿ ಪಾಳಿಗೆ ಜನ ಸಿಗುವುದಿಲ್ಲ. ಎಲ್ಲ ಆಸ್ಪತ್ರೆಗಳಿಗೂ ಒಂದೇ ಕೇಂದ್ರ ಎಂದರೆ ರಾತ್ರಿಯೂ ಜನರಿರುತ್ತಾರೆ, ಆದರೆ ಅವರಿಗೆ ಅಧಿಕಾರ ಬರೆದುಕೊಡದಿದ್ದರೆ ಅದು ಸಂದೇಶ ದಾಟಿಸುವ ಅಂಚೆ ಕಚೇರಿಯಾಗುತ್ತದೆ. ಹೊರಗಿನ ಕಂಪನಿಗೆ ವಹಿಸಿದರೆ ಬೇಗ ಆರಂಭವಾಗುತ್ತದೆ. ಅವರ ನರ್ಸ್‌ಗೆ ನಿಮ್ಮ ಕಡತ ಕಾಣುವುದಿಲ್ಲ, ನಿಮ್ಮ ವೈದ್ಯರಿಗೆ ಅವರ ಪರದೆ ಕಾಣುವುದಿಲ್ಲ.

ನನ್ನ ಮತ ಎರಡನೆಯದಕ್ಕೆ, ಒಂದು ಷರತ್ತಿನೊಂದಿಗೆ: ಲಿಖಿತ ನಿಯಮಾವಳಿ. ತೂಕ ಇಷ್ಟು ಏರಿದರೆ ಮೂರು ದಿನ ನೀರು ತೆಗೆಯುವ ಮಾತ್ರೆ ಫ್ಯುರೊಸೆಮೈಡ್ ಇಷ್ಟು ಹೆಚ್ಚಿಸು, ವಾರದೊಳಗೆ ರಕ್ತದಲ್ಲಿ ಪೊಟ್ಯಾಷಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸು, ಬಿಪಿ ಇಷ್ಟಕ್ಕಿಂತ ಇಳಿದಿದ್ದರೆ ಮುಟ್ಟಬೇಡ, ವೈದ್ಯರನ್ನು ಕರೆ. ಇದಕ್ಕೆ ಎಲ್ಲ ಆಸ್ಪತ್ರೆಗಳ ಹೃದ್ರೋಗ ತಜ್ಞರೂ ಸಹಿ ಹಾಕಿರಬೇಕು. ಈ ಸಹಿಗಳನ್ನು ಪಡೆಯಲು ಸಾಧನ ಕೊಳ್ಳುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ಅದನ್ನೇ ಮೊದಲು ಮಾಡಬೇಕು.

ಅದೇ ತಂಡಕ್ಕೆ ಇನ್ನೊಂದು ಕೆಲಸವನ್ನೂ ಕೊಡಿ. ನಿಗಾ ಎಂದರೆ ಕೆಡುಕು ಕಾಯುವುದಷ್ಟೇ ಅಲ್ಲ. ಆಯಸ್ಸು ಹೆಚ್ಚಿಸುವ ಔಷಧಿಗಳು ಬಹುತೇಕ ರೋಗಿಗಳಲ್ಲಿ ಆರಂಭದ ಸಣ್ಣ ಪ್ರಮಾಣದಲ್ಲೇ ನಿಂತುಬಿಟ್ಟಿರುತ್ತವೆ. ಬಿಡುಗಡೆಯಾದ ಎರಡು ವಾರಗಳೊಳಗೆ ಪೂರ್ಣ ಪ್ರಮಾಣಕ್ಕೆ ಏರಿಸುವ ಗುರಿ ಇಟ್ಟುಕೊಂಡು ಮತ್ತೆ ಮತ್ತೆ ಪರೀಕ್ಷಿಸಿದ ‘ಸ್ಟ್ರಾಂಗ್-ಎಚ್‌ಎಫ್’ ಅಧ್ಯಯನದಲ್ಲಿ ಆರು ತಿಂಗಳ ಸಾವು ಅಥವಾ ಮರುದಾಖಲಾತಿ ಶೇ 23.3ರಿಂದ 15.2ಕ್ಕೆ ಇಳಿಯಿತು. ಅಲ್ಲಿ ರೋಗಿಗಳು ಆಸ್ಪತ್ರೆಗೇ ಬರುತ್ತಿದ್ದರು, ನಿಜ. ಆದರೆ ಮನೆಯ ಬಿಪಿ ಮತ್ತು ನಾಡಿಯ ಅಳತೆ ಕೈಯಲ್ಲಿದ್ದರೆ ಈ ಏರಿಕೆಯ ಕೆಲವು ಮೆಟ್ಟಿಲುಗಳನ್ನಾದರೂ ಫೋನ್ ಮೂಲಕ ಹತ್ತಿಸಬಹುದು. ಇಷ್ಟು ಖಚಿತ ಲಾಭವನ್ನು ಬಿಟ್ಟು ಬರೀ ಕೆಂಪು ದೀಪ ಎಣಿಸುತ್ತ ಕೂರುವುದು ರೋಗಿಗೆ ಮಾಡುವ ಅನ್ಯಾಯ.

ಹಣದ ದಾರಿ

ಅಮೆರಿಕದಲ್ಲಿ 2012ರ ಅಕ್ಟೋಬರ್‌ನಿಂದ ಮರುದಾಖಲಾತಿ ಹೆಚ್ಚಿರುವ ಆಸ್ಪತ್ರೆಗಳ ಮೆಡಿಕೇರ್ ಹಣಕ್ಕೆ ಕತ್ತರಿ ಬೀಳುತ್ತಿದೆ, ಅದು ಶೇ 3ರವರೆಗೂ ಹೋಗಬಹುದು. ಮತ್ತೊಂದೆಡೆ ಮನೆಯ ಸಾಧನದ ನಿಗಾಗೆ ಶುಲ್ಕ ಸಿಗಬೇಕಾದರೆ 30 ದಿನಗಳಲ್ಲಿ 16 ದಿನ ಅಳತೆ ಬಂದಿರಬೇಕು ಎಂಬ ನಿಯಮ ಹಲವು ವರ್ಷ ಇತ್ತು. 2026ರಿಂದ ಎರಡರಿಂದ 15 ದಿನಗಳ ಅಳತೆಗೂ ಪ್ರತ್ಯೇಕ ಶುಲ್ಕವಿದೆ. ಇಂಥ ನಿಯಮದಡಿ ಕಾರ್ಯಕ್ರಮಗಳು ಎಣಿಕೆಯ ದಿನಗಳ ಹಿಂದೆ ಬೀಳುವುದು ಸಹಜ. ಜರ್ಮನಿ ಬೇರೆ ದಾರಿ ಹಿಡಿಯಿತು. 2020ರ ಡಿಸೆಂಬರ್‌ನಲ್ಲಿ ದೂರ ನಿಗಾವನ್ನು ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಿಸುವಾಗಲೇ ಯಾವ ರೋಗಿಗೆ, ನಿಗಾ ಕೇಂದ್ರದ ಕೆಲಸವೇನು, ಸ್ವಂತ ವೈದ್ಯರ ಕೆಲಸವೇನು ಎಂದು ಗೆರೆ ಎಳೆಯಿತು. ಹೊಸದಾಗಿ ಆರಂಭಿಸುವವರು ನೋಡಿ ಕಲಿಯಬೇಕಾದದ್ದು ಈ ಕ್ರಮವನ್ನು.

ಕರ್ನಾಟಕದಲ್ಲಿ ಆರಿಸುವುದಾದರೆ

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮುನ್ನಡೆಸಿದ ರಾಷ್ಟ್ರೀಯ ಹೃದಯ ವೈಫಲ್ಯ ದಾಖಲೆಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳಿದ್ದಾರೆ. ಸರಾಸರಿ ವಯಸ್ಸು ಸುಮಾರು 60. ತೊಂಬತ್ತೇ ದಿನಗಳಲ್ಲಿ ಶೇ 14ರಷ್ಟು ಮಂದಿ, ಅಂದರೆ ಏಳರಲ್ಲಿ ಒಬ್ಬರು, ತೀರಿಕೊಂಡಿದ್ದರು. ಪಶ್ಚಿಮದ ರೋಗಿಗಿಂತ ನಮ್ಮ ರೋಗಿ ಚಿಕ್ಕ ವಯಸ್ಸಿನವರು, ಎಷ್ಟೋ ಮನೆಗಳಲ್ಲಿ ಇನ್ನೂ ದುಡಿಯುವವರು. ಅಪಾಯದ ಬಹುಭಾಗ ಮೊದಲ ಕೆಲವು ತಿಂಗಳಲ್ಲೇ ಗುಡ್ಡೆಯಾಗಿದೆ.

ಇಲ್ಲಿ ಫೋನ್ ಹೆಚ್ಚಾಗಿ ರೋಗಿಯ ಕೈಯಲ್ಲಿರುವುದಿಲ್ಲ. ಅಮ್ಮ ಹಳ್ಳಿಯಲ್ಲಿ, ಸ್ಮಾರ್ಟ್‌ಫೋನ್ ಮಗನ ಜೇಬಿನಲ್ಲಿ, ಮಗ ಬೆಂಗಳೂರಿನಲ್ಲೋ ಡಲ್ಲಾಸ್‌ನಲ್ಲೋ. ಅಲ್ಲಿಂದ ದುಬಾರಿ ಕೈಗಡಿಯಾರ ಕಳುಹಿಸುವ ಮಕ್ಕಳಿಗೆ ನಾನು ಹೇಳುವುದು ಒಂದೇ: ಒಂದು ಸಾದಾ ತೂಕದ ಯಂತ್ರ, ಒಂದು ಬಿಪಿ ಯಂತ್ರ, ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಬರೆಯುವ ಸೊಸೆಯೋ ಮೊಮ್ಮಗನೋ ಒಬ್ಬರು, ಮತ್ತು ಕರೆದರೆ ಫೋನ್ ಎತ್ತುವ ಒಂದು ಕ್ಲಿನಿಕ್. ಕೊನೆಯದು ಇಲ್ಲದಿದ್ದರೆ ಮೊದಲ ಮೂರಕ್ಕೆ ಅರ್ಥವಿಲ್ಲ.

ಸರ್ಕಾರಿ ವ್ಯವಸ್ಥೆಗೆ ಒಂದು ಮಾದರಿ ನಮ್ಮಲ್ಲೇ ಇದೆ. ಹೃದಯಾಘಾತಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಜೋಡಿಸಿದೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ನಿರ್ಧಾರ ಸ್ಥಳದಲ್ಲೇ ಜಾರಿಯಾಗುತ್ತದೆ. ಅದೇ ಜಾಲದ ಮೇಲೆ ಹೃದಯ ವೈಫಲ್ಯದ ನರ್ಸ್ ಕರೆಗಳನ್ನು ಕಟ್ಟಬಹುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಡುಗಡೆಯಾದ ಪ್ರತಿಯೊಬ್ಬರಿಗೂ ಮೊದಲ ಮೂರು ತಿಂಗಳು ಕನ್ನಡದಲ್ಲಿ ಕರೆ, ಮೊದಲ ಎರಡು ವಾರ ದಿನ ಬಿಟ್ಟು ದಿನ. ಯಂತ್ರ ಕೊಳ್ಳಲಾಗದವರಿಗೆ ಆಶಾ ಕಾರ್ಯಕರ್ತೆಯ ಬಳಿಯ ತೂಕದ ಯಂತ್ರ. ಎರಡನೆಯ ಬಾರಿ ದಾಖಲಾದವರಿಗೆ ಮನೆಯ ಸಾಧನ ಮತ್ತು ದಿನನಿತ್ಯದ ನಿಗಾ. ಒಳಗಿಡುವ ಸಂವೇದಕದ ಮಾತನ್ನು ಅಲ್ಲಿಯವರೆಗೆ ತೆಗೆಯುವ ಅಗತ್ಯವಿಲ್ಲ. ಆಶಾ ಕಾರ್ಯಕರ್ತೆಗೆ ಈ ಕೆಲಸಕ್ಕೆ ಪ್ರತ್ಯೇಕ ಸಂಭಾವನೆ ಕೊಡಬೇಕು, ಪುಕ್ಕಟೆಯಾಗಿ ಹೊರಿಸಬಾರದು.

ಖಾಸಗಿ ಆಸ್ಪತ್ರೆ ಜಾಲಗಳಿಗೆ ಒಂದು ಕೋರಿಕೆ. ಮಾರಾಟಗಾರರು ತೋರಿಸುವ ಪರದೆ ಸುಂದರವಾಗಿಯೇ ಇರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಿಮ್ಮವರೊಬ್ಬರ ಹೆಸರಿನಲ್ಲಿ ಒಂದು ಪರೀಕ್ಷಾ ಖಾತೆ ತೆರೆಯಿರಿ. ಶನಿವಾರ ರಾತ್ರಿ ಒಂಬತ್ತಕ್ಕೆ, ಮೂರು ದಿನಗಳ ಹಿಂದಿನದಕ್ಕಿಂತ ಮೂರು ಕೆ.ಜಿ. ಹೆಚ್ಚಿರುವ ತೂಕವನ್ನು ಅದರಿಂದ ಕಳುಹಿಸಿ. ಆಮೇಲೆ ಗಡಿಯಾರ ನೋಡುತ್ತ ಕುಳಿತುಕೊಳ್ಳಿ. ಎಷ್ಟು ಹೊತ್ತಿಗೆ ಕರೆ ಬಂತು, ಯಾರು ಮಾತನಾಡಿದರು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾತನಾಡಿದರೇ, ‘ಇಂದು ರಾತ್ರಿಯೇ ಇನ್ನೊಂದು ಮಾತ್ರೆ ತೆಗೆದುಕೊಳ್ಳಿ’ ಎಂದು ಹೇಳಲು ಅವರಿಗೆ ಸಾಧ್ಯವಾಯಿತೇ ಎಂದು ಬರೆದಿಟ್ಟುಕೊಳ್ಳಿ. ಸೋಮವಾರದ ಸಭೆಗೆ ಆ ಚೀಟಿಯನ್ನು ತೆಗೆದುಕೊಂಡು ಹೋಗಿ.